ಮಳೆ ಪುಸ್ತಕದ ಷರಾ

ಗೋಣಿಬೀಡು
9 ಏಪ್ರಿಲ್ 2024

ಅರ್ಚನಾ,

ಹತ್ತೊಂಬತ್ತು ವರ್ಷದ ಮೇಲೆ ನಿನ್ನ ಹೆಸರು ಬರೆಯುತ್ತಿದ್ದೇನೆ. ನಿನ್ನನ್ನು ‘ನೀನು’ ಅನ್ನುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ತಿಳಿಯದು. ಎಂ.ಎ. ಓದುವಾಗ ಹಾಸ್ಟೆಲಿನ ಒಂದೇ ಮಂಚದ ಮೇಲೆ ಕೂತು ಒಂದೇ ಪೊಟ್ಟಣದ ಚುರುಮುರಿ ತಿಂದವರು, ನೀನು ನಿನ್ನ ಎಂ.ಎಸ್ಸಿ. ನೋಟ್ಸು, ನಾನು ನನ್ನ ಪದ್ಯದ ಪುಸ್ತಕ. ಆ ಒಂದು ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಓದದೆ ಹರಿದು ಹಾಕಿದರೂ ಯಾಕೆ ಎಂದು ಕೇಳುವ ಬಾಯಿ ನನಗಿಲ್ಲ.

ಅಣ್ಣನ ವಿಷಯ.

ಮೊನ್ನೆ ಮೂರನೇ ತಾರೀಖು ಬೆಳಿಗ್ಗೆ ಎಂಟು ಗಂಟೆಗೆ ಅಣ್ಣ ದಿನದಂತೆ ಮಳೆ ಅಳೆಯಲು ಹೋದ. ಕಣದ ಮೂಲೆಯಲ್ಲಿ ನಮ್ಮ ಮಳೆಮಾಪಕ ಇದೆ, ನಿನಗೆ ನೆನಪಿರಬಹುದು. ತೋಟದಲ್ಲಿ ಯಾರು ಏನು ಮರೆತರೂ ಅವನು ಎಂಟು ಗಂಟೆ ಮರೆಯುವವನಲ್ಲ. ಮುತ್ತಮ್ಮ ಕಣ ಗುಡಿಸುತ್ತಿದ್ದಳು. ಅವಳು ಕಿರುಚಿದ್ದು ಅಡುಗೆಮನೆಗೆ ಕೇಳಿತು. ಓಡಿ ಹೋದರೆ ಅಣ್ಣ ಸಿಮೆಂಟು ನೆಲದ ಮೇಲೆ ಬಿದ್ದಿದ್ದ. ಕೈಕಾಲು ಅವನದಲ್ಲವೆಂಬಂತೆ ಹೊಡೆದುಕೊಳ್ಳುತ್ತಿತ್ತು. ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಬಾಯಿಂದ ನೊರೆ. ಮುತ್ತಮ್ಮ ತನ್ನ ಸೊಂಟದಲ್ಲಿದ್ದ ಗೋಡೌನಿನ ಬೀಗದ ಕೈ ತೆಗೆದು ಅವನ ಅಂಗೈಗೆ ಒತ್ತಿ, “ಅಯ್ಯಾ, ಹಿಡ್ಕಳಿ ಅಯ್ಯಾ, ಗಟ್ಟಿ ಹಿಡ್ಕಳಿ” ಅನ್ನುತ್ತಿದ್ದಳು. ಎರಡು ನಿಮಿಷವಿರಬಹುದು. ನಾನು ಏನೂ ಮಾಡಲಿಲ್ಲ. ಕೈಯಲ್ಲಿ ಸೌಟು ಹಿಡಿದು ನಿಂತೇ ಇದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು, “ಮಾತ್ರೆ ಜಾಸ್ತಿ ತಗೊಂಡ್ರಾ?” ಇಲ್ಲ. ಹದಿನೈದು ವರ್ಷದಿಂದ ಪ್ರತಿಯೊಂದು ಮಾತ್ರೆಯನ್ನೂ ನಾನೇ ನನ್ನ ಕೈಯಿಂದ ಕೊಟ್ಟಿದ್ದೇನೆ. “ಇತ್ತೀಚೆಗೆ ಏನಾದ್ರೂ ಬದಲಾಯ್ತಾ?” ಏನೂ ಇಲ್ಲ ಡಾಕ್ಟ್ರೇ, ಎಲ್ಲಾ ಮೊದಲಿಗಿಂತ ಚೆನ್ನಾಗೇ ಇತ್ತು ಅಂದೆ. ಫಿಟ್ಸಿಗೆ ಇನ್ನೊಂದು ಮಾತ್ರೆ ಸೇರಿಸಿ ಕಳಿಸಿದ್ದಾರೆ.

ಆದರೆ ಅವನು ಸರಿಯಿಲ್ಲ. ಹಗಲೆಲ್ಲ ನಿದ್ದೆ. ಜೊಲ್ಲು ಸುರಿದು ದಿಂಬು ಒದ್ದೆ. ಕೂತಲ್ಲೇ ಕೈ ಥಟ್ಟನೆ ಜಿಗಿಯುತ್ತದೆ.

ನಮ್ಮ ದೇಹದೊಳಗೆ ಔಷಧಿ ಏನಾಗುತ್ತದೆ ಎಂದು ನೀನು ಬರೆದ ಲೇಖನವನ್ನು ಒಂದು ಭಾನುವಾರದ ಪತ್ರಿಕೆಯಲ್ಲಿ ಓದಿದ್ದೆ. ಅದಕ್ಕೇ ಕೇಳುತ್ತಿದ್ದೇನೆ. ಅದೇ ಮಾತ್ರೆ, ಅದೇ ಲೆಕ್ಕ, ಅದೇ ಹೊತ್ತು. ಹಾಗಿದ್ದೂ ಅದು ಒಳಗೆ ಹೋಗಿ ಜಾಸ್ತಿಯಾಗಲು ಸಾಧ್ಯವೇ?

ನಿನ್ನ ನಂಬರು ಹುಡುಕಿದ್ದೆ. ಎರಡು ಸಲ ಒತ್ತಿ, ರಿಂಗಾಗುವ ಮೊದಲೇ ಕಟ್ ಮಾಡಿದೆ.

ಸುಪ್ರಿಯಾ

---

ಮೈಸೂರು
13 ಏಪ್ರಿಲ್

ಸುಪ್ರಿಯಾಗೆ,

ಪತ್ರ ತಲುಪಿತು. ಸಾಧ್ಯ.

ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ನೋಡುತ್ತಿರುವ ಡಾಕ್ಟರ ಹೆಸರು ಮತ್ತು ನಂಬರು ಬರೆ. ಕಳೆದ ಎರಡು ತಿಂಗಳಲ್ಲಿ ಅವರ ಊಟ, ಅಭ್ಯಾಸ, ಬೇರೆ ಔಷಧಿ, ಕಷಾಯ, ಎಲ್ಲದರಲ್ಲೂ ಏನೇನು ಬದಲಾಯಿತು ಅನ್ನುವುದನ್ನೂ ಬರೆ. ಕೆಟ್ಟದ್ದನ್ನಷ್ಟೇ ಅಲ್ಲ, ನಿನಗೆ ಒಳ್ಳೆಯದೆಂದು ಕಂಡದ್ದನ್ನೂ ಬರೆ. ಪತ್ರ ಬೇಡ, ಫೋನ್ ಮಾಡಿದರೆ ಇನ್ನೂ ಒಳ್ಳೆಯದು.

ಬೇರೆ ಮಾತಿಗೆ ಇದು ಸಮಯವಲ್ಲ.

ಅರ್ಚನಾ

---

ಗೋಣಿಬೀಡು
16 ಏಪ್ರಿಲ್

ಅರ್ಚನಾ,

ಫೋನ್ ಮಾಡಲಾರೆ. ನಿನ್ನ ಧ್ವನಿ ಕೇಳಿದರೆ ನಾನು ಹೇಳಬೇಕಾದ್ದು ಬಿಟ್ಟು ಬೇರೇನೋ ಹೇಳುತ್ತೇನೆ. ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ಚೀಟಿಯ ಜೆರಾಕ್ಸು, ಡಾಕ್ಟರ ನಂಬರು ಒಳಗಿದೆ. ಅವನ ಮನಸ್ಸಿನ ಕಾಯಿಲೆಗೆ ಕೊಡುವ ಮಾತ್ರೆ ಕ್ಲೋಜಪಿನ್, ದಿನಕ್ಕೆ ನಾನೂರು ಮಿಲಿಗ್ರಾಂ.

ಬದಲಾದದ್ದು ಒಂದೇ, ಅದೂ ಒಳ್ಳೆಯದು. ಅಣ್ಣ ಬೀಡಿ ಬಿಟ್ಟ.

ಜನವರಿಯಿಂದ ಕೆಮ್ಮು. ಎಕ್ಸ್‌ರೇ ನೋಡಿದ ಡಾಕ್ಟರು, ಇವರು ಬೇರೆಯವರು, “ಬೀಡಿ ಬಿಡದಿದ್ರೆ ಇನ್ನೊಂದ್ಸಲ ನನ್ನ ಹತ್ರ ಬರ್ಬೇಡಿ” ಎಂದು ಬೈದರು. ದಿನಕ್ಕೆ ಒಂದು ಕಟ್ಟು, ಇಪ್ಪತ್ತೈದು ಬೀಡಿ, ಮೂವತ್ತು ವರ್ಷದ ಅಭ್ಯಾಸ. ಹೇಗೆ ಬಿಡಿಸುವುದು? ಮಾರ್ಚ್ ನಡುವಿನ ಒಂದು ಸಂಜೆ ಹೂಮಳೆಯ ಯೋಚನೆಯಲ್ಲಿ ಇಬ್ಬರೂ ಜಗಲಿಯಲ್ಲಿ ಕೂತಿದ್ದೆವು. ಅದೊಂದು ಮಳೆ ಹೊತ್ತಿಗೆ ಸರಿಯಾಗಿ ಬಾರದಿದ್ದರೆ ಕಾಫಿ ಮೊಗ್ಗು ಗಿಡದಲ್ಲೇ ಒಣಗುತ್ತದೆ ಅನ್ನುವುದನ್ನು ನಿನಗೆ ಹೇಳಬೇಕಿಲ್ಲ.

“ಅಣ್ಣ, ಹೂಮಳೆ ಬಂದ್ರೆ ಬೀಡಿ ಬಿಡ್ತೀಯಾ?”

“ಎಷ್ಟು ಮಳೆ?”

“ಒಂದು ಇಂಚು.”

“ಹೂವು ಅರಳೋಕೆ ಅಷ್ಟೆಲ್ಲ ಬೇಕಾಗಿಲ್ಲ ಪುಟ್ಟಿ. ಒಂದು ಇಂಚು ಕೇಳೋದು ನಿನ್ನ ದುರಾಸೆ.”

ಮನೆಯಲ್ಲಿ ನಾನು ಇವತ್ತಿಗೂ ಪುಟ್ಟಿ.

“ಬಂದ್ರೆ ಬಿಡ್ತೀಯೋ ಇಲ್ವೋ ಅದನ್ನ ಹೇಳು.”

“ಬಂದ್ರೆ ಬಿಟ್ಟೆ ಮಾರಾಯ್ತಿ. ತಲೆ ತಿನ್ಬೇಡ.”

ಬೆಳಗಿನ ಜಾವ ಬಂತು. ಎಂಟು ಗಂಟೆಗೆ ಅಳತೆ ಗ್ಲಾಸನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿದ. ಒಂದು ಇಂಚು ಹನ್ನೆರಡು ಸೆಂಟ್, ಎಂದರೆ ಇಂಚಿನ ಮೇಲೆ ನೂರರಲ್ಲಿ ಹನ್ನೆರಡು ಪಾಲು. “ಹನ್ನೆರಡು ಸೆಂಟ್ ಜಾಸ್ತಿನೇ ಬಂದಿದೆ. ಹೋಯ್ತು ನನ್ನ ಬೀಡಿ” ಎಂದು ಜೇಬಿನ ಕಟ್ಟನ್ನು ಮೇಸ್ತ್ರಿ ಗುರುವಯ್ಯನ ಕೈಗೆ ಕೊಟ್ಟುಬಿಟ್ಟ. ಆಮೇಲೆ ಒಂದೂ ಮುಟ್ಟಿಲ್ಲ. ಒಂಬತ್ತನೇ ದಿನ ತೋಟವೆಲ್ಲ ಬೆಳ್ಳಗೆ ಅರಳಿದಾಗ ಅಂಗಳದಲ್ಲಿ ನಿಂತು, “ಪುಟ್ಟಿ, ಇದಕ್ಕೆ ಇಷ್ಟೊಂದು ವಾಸನೆ ಇತ್ತಾ?” ಎಂದು ಕೇಳಿದ. ಮೂವತ್ತು ವರ್ಷ ಹೊಗೆಯಲ್ಲಿ ಅವನಿಗೆ ಹೂವಿನ ಪರಿಮಳವೇ ಗೊತ್ತಿರಲಿಲ್ಲ. ನಾನು ಒಳಗೆ ಹೋಗಿ ಅತ್ತೆ. ಜೀವನದಲ್ಲಿ ಒಂದಾದರೂ ಸರಿಯಾದ ಕೆಲಸ ಮಾಡಿದೆ ಅನ್ನಿಸಿತು.

ಬೀಡಿಯ ನೆನಪಾಗಿ ಅವನ ಬೆರಳು ಚಡಪಡಿಸಿದಾಗಲೆಲ್ಲ ಕೈಗೆ ಒಂದು ಲೋಟ ಕಾಫಿ ಕೊಡುತ್ತಿದ್ದೆ. ನಮ್ಮದೇ ರೊಬಸ್ಟಾ, ಚಿಕೋರಿ ಹಾಕದ್ದು, ಬೆಲ್ಲದ ಕಾಫಿ. ಮೊದಲು ದಿನಕ್ಕೆ ಮೂರು ಲೋಟ ಕುಡಿಯುತ್ತಿದ್ದವನು ಎಂಟು, ಒಂಬತ್ತು ಕುಡಿಯತೊಡಗಿದ. ಆಮೇಲೆ ತೂಕಡಿಕೆ ಶುರುವಾದಾಗ ಎಚ್ಚರವಾಗಿರಲಿ ಎಂದು ಫ್ಲಾಸ್ಕಿನಲ್ಲಿ ತುಂಬಿ ತೋಟಕ್ಕೂ ಕಳಿಸಿದೆ. “ಅಮ್ಮಾ, ಅಯ್ಯ ಬೀಡಿ ಬಿಟ್ಟಿದ್ದಲ್ಲ, ಕಾಫಿಗೆ ಮದುವೆ ಆಗಿದ್ದು” ಎಂದು ಮುತ್ತಮ್ಮ ನಗುತ್ತಿದ್ದಳು.

ಇಷ್ಟೇ. ಇದರಲ್ಲಿ ತಪ್ಪೇನೂ ಇಲ್ಲ ತಾನೇ?

ಸುಪ್ರಿಯಾ

---

ಮೈಸೂರು
18 ಏಪ್ರಿಲ್

ಸುಪ್ರಿಯಾ,

ನಿನ್ನ ಪತ್ರವನ್ನು ನಿಂತೇ ಓದಿದೆ. ಓದಿ ಮುಗಿಸಿ ಮೊದಲು ಮಾಡಿದ ಕೆಲಸ ನಿಮ್ಮ ಡಾಕ್ಟರಿಗೆ ಫೋನು. ಇದು ತಲುಪುವ ಮೊದಲೇ ಅವರು ನಿನಗೆ ಫೋನ್ ಮಾಡಿರುತ್ತಾರೆ. ನಾನು ಡಾಕ್ಟರಲ್ಲ, ಏನು ಮಾಡಬೇಕೆಂದು ಅವರೇ ಹೇಳಲಿ. ಏನಾಯಿತು ಅನ್ನುವುದನ್ನು ಮಾತ್ರ ನಾನು ಹೇಳಬಲ್ಲೆ.

ಲಿವರಿನಲ್ಲಿ ಸಿವೈಪಿ1ಎ2 ಎಂಬ ಒಂದು ಕಿಣ್ವವಿದೆ. ಶಶಿಧರ್ ನುಂಗುವ ಮಾತ್ರೆಯನ್ನು ಒಡೆದು ಹೊರಗೆ ಕಳಿಸುವುದು ಹೆಚ್ಚಾಗಿ ಅದರದೇ ಕೆಲಸ. ಬೀಡಿ ಸಿಗರೇಟಿನ ಹೊಗೆ ಒಳಗೆ ಬಂದರೆ ಲಿವರು ಆ ಕಿಣ್ವವನ್ನು ಹೆಚ್ಚು ಹೆಚ್ಚು ತಯಾರಿಸುತ್ತದೆ. ಇದು ನಿಕೋಟಿನ್ ಮಾಡುವುದಲ್ಲ, ಉರಿದ ಹೊಗೆಯ ಮಸಿ ಮಾಡುವುದು. ಹಣ್ಣು ಕುಯ್ಯುವ ಕಾಲದಲ್ಲಿ ನೀವು ಆಳು ಹೆಚ್ಚಿಸುತ್ತೀರಲ್ಲ, ಹಾಗೆ. ಇಪ್ಪತ್ತೈದು ಬೀಡಿ ಸೇದುವವರ ಮಾತ್ರೆಯನ್ನು ಅಷ್ಟೂ ಆಳು ಸೇರಿ ಬೇಗ ಬೇಗ ಖಾಲಿ ಮಾಡುತ್ತಿರುತ್ತಾರೆ. ಅವರಿಗೆ ನಾನೂರು ಬೇಕಾಗಿದ್ದದ್ದೇ ಅದಕ್ಕೆ. ಬೀಡಿ ನಿಂತಿತು. ಒಂದು ವಾರದೊಳಗೆ ಹೆಚ್ಚಿನ ಆಳು ಮನೆಗೆ ಹೋದರು. ಮಾತ್ರೆ ಮಾತ್ರ ನಾನೂರೇ ಬರುತ್ತಿತ್ತು. ಒಡೆಯುವವರಿಲ್ಲದೆ ರಕ್ತದಲ್ಲಿ ದಿನದಿನಕ್ಕೆ ಏರಿತು.

ಇನ್ನು ಕಾಫಿ. ಕೆಫೀನನ್ನು ಒಡೆಯುವುದೂ ಅದೇ ಕಿಣ್ವ. ಉಳಿದಿದ್ದ ನಾಲ್ಕು ಆಳಿನ ಮುಂದೆ ನೀನು ದಿನಕ್ಕೆ ಒಂಬತ್ತು ಲೋಟ ರೊಬಸ್ಟಾ ಸುರಿದೆ. ಅರೇಬಿಕಾದ ಎರಡರಷ್ಟು ಕೆಫೀನು ಅದರಲ್ಲಿ. ಅವರು ಕಾಫಿಯನ್ನು ಒಡೆಯುತ್ತಾ ಕೂತರು, ಮಾತ್ರೆ ಸರದಿಯಲ್ಲಿ ಕಾಯುತ್ತಾ ನಿಂತಿತು. ಹೊಗೆ ಆ ಕಿಣ್ವವನ್ನು ಎಬ್ಬಿಸುವ ವಸ್ತು, ಕಾಫಿ ಅದನ್ನು ತಡೆಯುವ ವಸ್ತು. ಎಬ್ಬಿಸುವುದನ್ನು ತೆಗೆದು ತಡೆಯುವುದನ್ನು ಕೊಟ್ಟೆ. ಒಂದೇ ವಾರದಲ್ಲಿ. ತೂಕಡಿಕೆ, ಜೊಲ್ಲು, ಕೈ ಜಿಗಿತ, ಕೊನೆಗೆ ಫಿಟ್ಸು, ಎಲ್ಲವೂ ಮಾತ್ರೆ ಹೆಚ್ಚಾದದ್ದರ ಗುರುತು. ತೂಕಡಿಕೆಗೆ ಮತ್ತೆ ಕಾಫಿಯನ್ನೇ ಕೊಟ್ಟೆಯಲ್ಲ ಮಾರಾಯ್ತಿ.

ಗಾಬರಿಯಲ್ಲಿ ಈಗ ಕಾಫಿಯನ್ನೂ ಒಮ್ಮೆಲೇ ನಿಲ್ಲಿಸಬೇಡ, ಮಾತ್ರೆಯನ್ನೂ ನೀನಾಗಿ ನಿಲ್ಲಿಸಬೇಡ. ಎರಡನ್ನೂ ಡಾಕ್ಟರು ಹೇಳಿದಂತೆ ಮಾಡು.

ಬೀಡಿ ಬಿಡಿಸಿದ್ದು ತಪ್ಪಲ್ಲ. ಮಾತ್ರೆ ಕೊಡುವ ಡಾಕ್ಟರಿಗೆ ಹೇಳದೆ ಬಿಡಿಸಿದ್ದು ತಪ್ಪು.

ಅರ್ಚನಾ

---

ಗೋಣಿಬೀಡು
27 ಏಪ್ರಿಲ್

ಅರ್ಚನಾ,

ನಿನ್ನ ಪತ್ರ ಬಂದ ದಿನದಿಂದ ಕಾಫಿ ಡಬ್ಬಿಯ ಮುಚ್ಚಳ ತೆಗೆಯಲು ನನ್ನ ಕೈ ಏಳುತ್ತಿಲ್ಲ. ನಮ್ಮಜ್ಜ ನೆಟ್ಟ ಗಿಡ, ನಾವೇ ಕುಯ್ದು, ಒಣಗಿಸಿ, ಹುರಿದದ್ದು. ಮನೆಗೆ ಬಂದವರಿಗೆ ನೀರಿಗಿಂತ ಮೊದಲು ಕೊಟ್ಟು ಬೆಳೆದವಳು ನಾನು. ಅದನ್ನೇ ಅಣ್ಣನಿಗೆ ಲೋಟ ಲೋಟ ಕೊಟ್ಟು ನೆಲಕ್ಕೆ ಬೀಳಿಸಿದೆ.

ಡಾಕ್ಟರು ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರು. ರಕ್ತ ತೆಗೆದು ಬೆಂಗಳೂರಿಗೆ ಕಳಿಸಿದ್ದಾರೆ. ಯಾವ ದಿನದಿಂದ ಏನೇನಾಯಿತು ಬರೆದುಕೊಂಡು ಬನ್ನಿ ಅಂದರು. ನನಗೆ ತಾರೀಖು ಯಾವುದೂ ನೆನಪಿರಲಿಲ್ಲ. ಮಳೆ ಬಂದ ದಿನ ಗೊತ್ತಾದರೆ ಉಳಿದದ್ದು ಹೊಳೆಯಬಹುದೆಂದು ಅಣ್ಣನ ಮಳೆ ಪುಸ್ತಕ ತೆಗೆದೆ.

ಹದಿನೈದು ವರ್ಷದಿಂದ ಅವನು ಬರೆಯುತ್ತಿರುವ ಪುಸ್ತಕ. ತಾರೀಖು, ಇಂಚು, ಸೆಂಟ್, ಕೊನೆಯಲ್ಲಿ ಷರಾ. ತಿಂಗಳ ಕೊನೆಗೆ ನಾನು ಇಂಚು ಕೂಡುತ್ತೇನೆ, ಪಕ್ಕದ ಎಸ್ಟೇಟಿನವರು ಕೇಳಿದರೆ ಹೇಳುತ್ತೇನೆ. ಷರಾ ಕಡೆ ಕಣ್ಣು ಹಾಯಿಸಿದವಳಲ್ಲ. ‘ಗಾಳಿ’, ‘ಆಲಿಕಲ್ಲು’ ಅಂತ ಇರುತ್ತದೆ ಅಷ್ಟೆ ಅಂದುಕೊಂಡಿದ್ದೆ. ಇದ್ದದ್ದನ್ನು ಇದ್ದ ಹಾಗೇ ಕೆಳಗೆ ಬರೆಯುತ್ತೇನೆ.

ಮಾರ್ಚ್ 16. 1 ಇಂಚು 12. ಬೀಡಿ ಬಿಟ್ಟೆ.
ಮಾರ್ಚ್ 19. ಮಳೆ ಇಲ್ಲ. ಕಾಫಿ 6.
ಮಾರ್ಚ್ 23. ಇಲ್ಲ. ಕಾಫಿ 8. ಬೆಳಿಗ್ಗೆ ಏಳಲು ಆಗಲಿಲ್ಲ. ದಿಂಬು ಒದ್ದೆ.
ಮಾರ್ಚ್ 25. ಇಲ್ಲ. ಕಾಫಿ 8. ಹೂವು. ಬಹಳ ವಾಸನೆ.
ಮಾರ್ಚ್ 28. ಇಲ್ಲ. ಕಾಫಿ 9. ಮಾತ್ರೆ ಭಾರ ಆಗಿದೆ. ಪುಟ್ಟಿಗೆ ಹೇಳಿದೆ.
ಮಾರ್ಚ್ 30. ಇಲ್ಲ. ಕಾಫಿ 9. ಕೈ ತಾನೇ ಜಿಗಿದು ಲೋಟ ಬಿತ್ತು. ಮಾತ್ರೆ ಭಾರ. ಪುಟ್ಟಿಗೆ ಹೇಳಿದೆ.
ಏಪ್ರಿಲ್ 2. 40 ಸೆಂಟ್. ಕಾಫಿ 10. ಮಾತ್ರೆ ಭಾರ. ಪುಟ್ಟಿಗೆ ಹೇಳಲಿಲ್ಲ.

ಕೊನೆಯ ಸಾಲನ್ನು ಎಷ್ಟು ಸಲ ಓದಿದೆನೋ. ಮರುದಿನ ಬೆಳಿಗ್ಗೆ ಅವನು ಬಿದ್ದದ್ದು.

ಹೌದು ಅರ್ಚನಾ, ಅವನು ಹೇಳಿದ್ದ. ಈಗ ಎಲ್ಲ ನೆನಪಾಗುತ್ತಿದೆ. “ಬೀಡಿ ಬಿಟ್ಟ ಮೇಲೆ ಮಾತ್ರೆ ಭಾರ ಆಗಿದೆ ಪುಟ್ಟಿ, ಒಂದು ಕಮ್ಮಿ ಕೊಡು” ಅಂದಿದ್ದ. ನಾನು ನಕ್ಕು, “ಬೀಡಿ ಸೇದೋಕೆ ನೆವ ಹುಡುಕ್ಬೇಡ” ಅಂದೆ. ಎರಡನೇ ಸಲ ಕೇಳಿದಾಗ ನನಗೆ ಭಯವಾಯಿತು, ಹಳೆಯ ಕಾಯಿಲೆಯೇ ಅವನ ಬಾಯಲ್ಲಿ ಮಾತಾಡುತ್ತಿದೆ ಎಂದು. ಮಾತ್ರೆ ಬೇಡ ಅನ್ನುವುದೇ ಕಾಯಿಲೆ ಮರಳಿದ್ದರ ಮೊದಲ ಗುರುತು ಎಂದು ಹಿಂದೆ ಯಾರೋ ಹೇಳಿದ್ದರು. ಬಾಯಿ ತೆರೆಸಿ, ನುಂಗಿದ್ದನ್ನು ನೋಡಿ, ಕಾಫಿ ಕೊಟ್ಟೆ. ಪದ್ಯದಲ್ಲಿ ಕವಿ ಹೇಳದೆ ಬಿಟ್ಟದ್ದು ನನಗೆ ಕೇಳಿಸುತ್ತದೆ ಎಂದು ನೀನು ಹಾಸ್ಟೆಲಿನಲ್ಲಿ ಅಣಕಿಸುತ್ತಿದ್ದೆ. ಅಣ್ಣ ಎರಡು ಸಲ ಬಾಯಿಬಿಟ್ಟು ಹೇಳಿದ್ದು ಕೇಳಿಸಲಿಲ್ಲ.

ಈಗ ಅದಕ್ಕಿಂತ ದೊಡ್ಡ ಕಷ್ಟ ಬಂದಿದೆ. ನಾನು ಆ ಪುಸ್ತಕ ಹಿಡಿದು ಕೂತದ್ದನ್ನು ಅವನು ನೋಡಿದ. ನೀನು ಬರೆದದ್ದನ್ನೆಲ್ಲ ಹೇಳಿದೆ. ಆವತ್ತಿನಿಂದ ಮಾತ್ರೆ ಹಿಡಿದು ಹೋದರೆ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾನೆ. “ನಿನ್ನ ಕೈಯಿಂದ ಇನ್ನು ಒಂದೂ ಬೇಡ.” ಮೂರು ದಿನವಾಯಿತು. ಹೀಗೇ ಬಿಟ್ಟರೆ ಕಾಯಿಲೆ ಮರಳುವುದು ಖಂಡಿತ, ಮತ್ತೆ ಶುರು ಮಾಡುವುದಾದರೂ ತೀರಾ ಸಣ್ಣ ಚೂರಿನಿಂದ ವಾರಗಟ್ಟಲೆ ಏರಿಸಬೇಕು ಅನ್ನುತ್ತಾರೆ ಡಾಕ್ಟರು. ಆ ಮಾತ್ರೆ ಸಿಗುವ ಮೊದಲು ಅವನು ಹೇಗಿದ್ದ ಎಂದು ನಿನಗೆ ಗೊತ್ತಿಲ್ಲ. ಬಾವಿಯೊಳಗಿಂದ ಯಾರೋ ಕರೆಯುತ್ತಿದ್ದಾರೆ ಎಂದು ಹಗ್ಗ ಹಿಡಿದು ಇಳಿದವನು.

ಅವನು ಒಂದೇ ಮಾತು ಹೇಳುತ್ತಾನೆ. “ಅರ್ಚನಾ ಬರೆದು ಹೇಳಿದ್ರೆ ತಗೋತೀನಿ. ನನ್ನ ಕಾಯಿಲೆ ಗೊತ್ತಿದ್ದೂ ಒಪ್ಪಿದ್ದವಳು ಅವಳೊಬ್ಳೇ. ಆಮೇಲೆ ಹೆದರಿಕೊಂಡ್ಳು, ಅದು ಬೇರೆ ವಿಷ್ಯ. ಮೊದಲು ಒಪ್ಪಿದ್ಳಲ್ಲ.”

ಫೋನನ್ನು ಅವನು ಮುಟ್ಟುವುದಿಲ್ಲ. ಕಾಣದ ಧ್ವನಿಗಳು ಅವನಿಗೆ ಸಾಕಾಗಿವೆ. ಅವನಿಗೆ ಎರಡು ಸಾಲು ಬರೆಯುತ್ತೀಯಾ?

ಸುಪ್ರಿಯಾ

---

ಮೈಸೂರು
30 ಏಪ್ರಿಲ್

ಸುಪ್ರಿಯಾ,

‘ಗೊತ್ತಿದ್ದೂ ಒಪ್ಪಿದ್ದವಳು’ ಎಂದರೆ ಯಾರು?

ನನಗೆ ಗೊತ್ತಿರಲಿಲ್ಲ. ಲಗ್ನಪತ್ರಿಕೆ ಹಂಚಿ, ಮದುವೆಗೆ ಎಂಟು ದಿನವಿರುವಾಗ ನಮ್ಮಪ್ಪನಿಗೆ ಮೆಡಿಕಲ್ ಶಾಪಿನವರೊಬ್ಬರು ಹೇಳಿದರು, ಮದುವೆ ನಿಂತಿತು. ನಿಶ್ಚಿತಾರ್ಥವಾದ ಮೇಲೆ ಶಶಿಧರ್ ನನ್ನೊಡನೆ ನಾಲ್ಕು ಸಲ ಕೂತು ಮಾತಾಡಿದ್ದರು. ನಾಲ್ಕು ಸಲವೂ ಎದುರಿಗೆ ಕೂತು ಮುಚ್ಚಿಟ್ಟರಲ್ಲ ಎಂದು ನಾನು ಹತ್ತೊಂಬತ್ತು ವರ್ಷ ಆ ಮುಖವನ್ನು ದ್ವೇಷಿಸಿದ್ದೇನೆ. ಕಾಯಿಲೆಯನ್ನಲ್ಲ.

ನಾನು ಒಪ್ಪಿದ್ದೆ ಎಂದು ಅವರಿಗೆ ಯಾರು ಹೇಳಿದರು? ಅದು ತಿಳಿಯದೆ ನಾನು ಅವರಿಗೆ ಏನೆಂದು ಬರೆಯಲಿ?

ಅರ್ಚನಾ

---

ಗೋಣಿಬೀಡು
4 ಮೇ

ಅರ್ಚನಾ,

ನಾನು.

ಅಣ್ಣನ ಆ ಮಾತನ್ನು ಕಳೆದ ಪತ್ರದಲ್ಲಿ ಬರೆಯುವಾಗಲೇ ನೀನು ಕೇಳುತ್ತೀ ಎಂದು ಗೊತ್ತಿತ್ತು. ಕೇಳಲಿ ಎಂದೇ ಬರೆದೆನೋ ಏನೋ.

ನಿಶ್ಚಿತಾರ್ಥದ ಮರುದಿನ ಅಣ್ಣ ಅಂದ, “ಪುಟ್ಟಿ, ಅರ್ಚನಾಗೆ ಎಲ್ಲ ಹೇಳ್ಬೇಕು. ವಸ್ತಾರೆಗೆ, ಅವಳ ಮನೆಗೇ ಹೋಗಿ ನಾನೇ ಹೇಳ್ತೀನಿ.” ಅಮ್ಮ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿದರು. “ಮದ್ವೆ ಆದ್ರೆ ಎಲ್ಲಾ ಸರಿ ಹೋಗುತ್ತೆ ಕಣೆ. ಈಗ ಬಾಯಿ ಬಿಟ್ರೆ ಅವನಿಗೆ ಇನ್ನು ಯಾರೂ ಹೆಣ್ಣು ಕೊಡಲ್ಲ. ನಿನ್ನ ಫ್ರೆಂಡು, ನೀನೇ ಏನಾದ್ರೂ ಮಾಡು.” ಅಮ್ಮನ ಮೇಲೆ ಹಾಕಿ ಜಾರಿಕೊಳ್ಳಲು ಇದನ್ನು ಹೇಳುತ್ತಿಲ್ಲ. ಅಮ್ಮ ತೀರಿಕೊಂಡು ಹನ್ನೊಂದು ವರ್ಷವಾಯಿತು. ಹೊರಗೆ ಬಂದು ಅಣ್ಣನಿಗೆ ಹೇಳಿದವಳು ನಾನು: “ನಾನೇ ಹೇಳಿದೀನಿ ಅಣ್ಣ. ಅವಳು ಪರವಾಗಿಲ್ಲ ಅಂದ್ಳು. ನೀನು ಮಾತ್ರ ಆ ವಿಷಯ ಎತ್ಬೇಡ, ಅವಳಿಗೆ ಸಂಕೋಚ ಆಗುತ್ತೆ.”

ಅದಕ್ಕೇ ಅವನು ನಾಲ್ಕು ಸಲವೂ ಎತ್ತಲಿಲ್ಲ. ನಿನಗೆ ಸಂಕೋಚವಾಗಬಾರದೆಂದು. ನೀನು ಕೂತದ್ದು ಎಲ್ಲ ಮುಚ್ಚಿಟ್ಟವನ ಎದುರು. ಅವನು ಕೂತದ್ದು ಎಲ್ಲ ತಿಳಿದೂ ಒಪ್ಪಿದವಳ ಎದುರು. ಒಂದೇ ಕೋಣೆಯಲ್ಲಿ, ನಾನು ತಂದಿಟ್ಟ ಕಾಫಿ ಕುಡಿಯುತ್ತಾ.

ನೀವಿಬ್ಬರೂ ಸಂತೋಷವಾಗಿರುತ್ತೀರಿ, ಆಮೇಲೆ ತಿಳಿದರೂ ನೀನು ಕ್ಷಮಿಸುತ್ತೀ ಎಂದು ಆಗ ನಾನು ನಿಜವಾಗಿಯೂ ನಂಬಿದ್ದೆ. ಹೂವಿನ ವಾಸನೆ ಬಂತು ಎಂದು ಮೊನ್ನೆ ಅತ್ತೆನಲ್ಲ, ಅಷ್ಟೇ ನಿಜವಾಗಿ.

ನಿನಗೆ ಬರೆಯುವ ಮೊದಲು ಅವನಿಗೆ ಹೇಳಬೇಕೆನ್ನಿಸಿತು. ಇವತ್ತು ಬೆಳಿಗ್ಗೆ ಎಂಟಕ್ಕೆ ಮಳೆಮಾಪಕದ ಹತ್ತಿರ ಹೇಳಿದೆ. ಅವನು ಗ್ಲಾಸು ಕೆಳಗಿಡಲಿಲ್ಲ. ಕೊನೆಯವರೆಗೂ ಕೇಳಿದ. ನೀರು ಚೆಲ್ಲಿದ. ಪುಸ್ತಕದಲ್ಲಿ ಬರೆದ. ಆಮೇಲೆ ಅಂದ:

“ಬೀಡಿ ಬಿಡು ಅಂದೆ, ಬಿಟ್ಟೆ. ಇನ್ನು ನನ್ನ ಪರವಾಗಿ ಮಾತಾಡೋದನ್ನ ನೀನು ಬಿಡು. ಅದಕ್ಕೆ ಮಳೆ ಬರಲಿ ಅಂತ ಕಾಯ್ಬೇಡ.”

ಮಾತ್ರೆ ಬಿಟ್ಟು ಹತ್ತು ದಿನವಾಯಿತು. ನಿನ್ನೆಯಿಂದ ಬಾವಿಯ ಕಡೆಯ ಕಿಟಕಿ ಮುಚ್ಚಿಡು ಅನ್ನುತ್ತಿದ್ದಾನೆ. ಗುರುವಯ್ಯ ಅವನ ಬೆನ್ನ ಹಿಂದೆಯೇ ಇರುತ್ತಾನೆ. ನನ್ನ ಬಗ್ಗೆ ಏನು ಬೇಕಾದರೂ ಅಂದುಕೋ. ಅವನಿಗೆ ಬರೆ.

ಸುಪ್ರಿಯಾ

---

ಮೈಸೂರು
6 ಮೇ

ಶಶಿಧರ್ ಅವರಿಗೆ,

ನಿಮ್ಮ ಕಾಯಿಲೆಯ ವಿಷಯ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದೂ ಒಪ್ಪಿದವಳು ಎಂಬ ಗೌರವ ನನಗೆ ಸಲ್ಲದ್ದು, ಹಿಂತಿರುಗಿಸುತ್ತಿದ್ದೇನೆ. ನೀವು ಮುಚ್ಚಿಟ್ಟಿರಲಿಲ್ಲ ಎಂಬುದೂ ನನಗೆ ನಿನ್ನೆಯವರೆಗೆ ಗೊತ್ತಿರಲಿಲ್ಲ. ಅದಕ್ಕೆ ಕ್ಷಮೆ ಕೇಳುತ್ತೇನೆ.

ಈಗ ಮಾತ್ರೆಯ ವಿಷಯ. ಮಾರ್ಚ್ 23ರಿಂದ ಏಪ್ರಿಲ್ 2ರವರೆಗೆ ನೀವು ಬರೆದ ಷರಾಗಳನ್ನು ನೋಡಿದೆ. ಹೊಗೆ ನಿಂತರೆ ಆ ಕಿಣ್ವ ಇಳಿಯುತ್ತದೆ, ಮಾತ್ರೆ ಏರುತ್ತದೆ ಎಂದು ನಾನು ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ನೀವು ಅದನ್ನು ಪುಸ್ತಕವಿಲ್ಲದೆ, ನಿಮ್ಮ ಮೈಯಿಂದಲೇ ಓದಿ ತಾರೀಖು ಹಾಕಿ ಬರೆದಿದ್ದೀರಿ. ‘ಮಾತ್ರೆ ಭಾರ’ ಎಂಬುದು ಅಕ್ಷರಶಃ ಸರಿ.

ಹಾಗೆಯೇ ಇನ್ನೊಂದು ಬದಿಯನ್ನೂ ಹೇಳಬೇಕು. ಭಾರವಾದ ಮಾತ್ರೆ ಬೀಳಿಸಿತು. ಮಾತ್ರೆಯೇ ಇಲ್ಲದಿದ್ದರೆ ಏನಾಗುತ್ತದೆ ಎಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಬೀಡಿಯಿಲ್ಲದ ನಿಮ್ಮ ದೇಹಕ್ಕೆ ಎಷ್ಟು ಬೇಕೋ ಅಷ್ಟನ್ನು ಸಣ್ಣ ಚೂರಿನಿಂದ ಶುರುಮಾಡಿ, ರಕ್ತ ನೋಡಿ ನೋಡಿ ಕಂಡುಹಿಡಿಯಬಹುದು. ನಿಮ್ಮ ಡಾಕ್ಟರು ಸಿದ್ಧವಿದ್ದಾರೆ, ಮಾತಾಡಿದ್ದೇನೆ. ಕಾಫಿ ದಿನಕ್ಕೆ ಎರಡೋ ಮೂರೋ ಅವರನ್ನು ಕೇಳಿ ಗೊತ್ತು ಮಾಡಿಕೊಳ್ಳಿ. ಆಮೇಲೆ ಏರಿಸಬೇಡಿ, ಇಳಿಸಬೇಡಿ. ಎಂದಾದರೂ ಒಂದು ಬೀಡಿ ಹಚ್ಚಿದರೆ ಅದನ್ನೂ ಬರೆದು ಅವರಿಗೆ ತೋರಿಸಿ. ಅವರು ಷರಾ ಓದುತ್ತಾರೆ, ಕೇಳಿ ಖಚಿತ ಮಾಡಿಕೊಂಡಿದ್ದೇನೆ. ಮಾತ್ರೆಯನ್ನು ಯಾರ ಕೈಯಿಂದಲೂ ತೆಗೆದುಕೊಳ್ಳಬೇಕಿಲ್ಲ. ಡಬ್ಬಿ ನಿಮ್ಮ ಹತ್ತಿರವೇ ಇರಲಿ, ದಿನಾ ಸಂಜೆ ಗುರುವಯ್ಯನವರು ಒಮ್ಮೆ ಎಣಿಸಿದರೆ ಸಾಕು ಎಂದು ಡಾಕ್ಟರು ಒಪ್ಪಿದ್ದಾರೆ.

ತೆಗೆದುಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ನಾನು ಹೇಳಿದೆ ಎಂದು ತೆಗೆದುಕೊಳ್ಳಬೇಡಿ. ನನಗೆ ಗೊತ್ತಿರುವುದನ್ನೆಲ್ಲ ಇಲ್ಲಿ ಬರೆದಿದ್ದೇನೆ, ಯಾವುದನ್ನೂ ಬಿಟ್ಟಿಲ್ಲ. ಗೊತ್ತಿದ್ದೂ ಒಪ್ಪುವ ಸರದಿ ಈಗ ನಿಮ್ಮದು.

ಅರ್ಚನಾ

---

ಗೋಣಿಬೀಡು
11 ಜೂನ್

ಅರ್ಚನಾ,

ನೀನು ನನಗೆ ಬರೆಯಲಿಲ್ಲ. ಬರೆಯಬೇಕಿಲ್ಲ. ತಿಳಿಸಬೇಕಾದ್ದನ್ನು ತಿಳಿಸುತ್ತೇನೆ, ಅಷ್ಟೆ.

ನಿನ್ನ ಕಾಗದ ಬಂದ ದಿನ ಅಣ್ಣ ಅದನ್ನು ಕಣದಲ್ಲಿ ನಿಂತು ಮೂರು ಸಲ ಓದಿದ. ನನಗೆ ತೋರಿಸಲಿಲ್ಲ. ಸಂಜೆ ಗುರುವಯ್ಯನನ್ನು ಕರೆದುಕೊಂಡು ಬಸ್ಸು ಹತ್ತಿ ತಾನೇ ಆಸ್ಪತ್ರೆಗೆ ಹೋದ. ಕಂಕುಳಲ್ಲಿ ಮಳೆ ಪುಸ್ತಕ. ನಾನು ಗೇಟಿನವರೆಗೆ ಹೋದೆ. ಬಾ ಅನ್ನಲಿಲ್ಲ.

ಮಾತ್ರೆಯ ಡಬ್ಬಿ ಈಗ ಅವನ ಕೋಣೆಯಲ್ಲಿದೆ. ಹದಿನೈದು ವರ್ಷ ರಾತ್ರಿ ಊಟದ ಮೇಲೆ ನನ್ನ ಕೈ ತಾನಾಗಿ ಹೋಗುತ್ತಿದ್ದ ಕಪಾಟು ಖಾಲಿ. ಕೆಮ್ಮು ಇಲ್ಲ. ಕೈ ಜಿಗಿಯುವುದು ನಿಂತಿದೆ. ಕಿಟಕಿ ತೆಗೆದಿದ್ದಾನೆ. ಕಾಫಿಯನ್ನು ತಾನೇ ಮಾಡಿಕೊಳ್ಳುತ್ತಾನೆ, ನನಗೂ ಒಂದು ಲೋಟ ತಂದಿಡುತ್ತಾನೆ. ಮಾತಾಡುತ್ತಾನೆ, ಆದರೆ ಪುಟ್ಟಿ ಎಂದು ಕರೆಯುವುದಿಲ್ಲ. ಸುಪ್ರಿಯಾ ಅನ್ನುತ್ತಾನೆ. ಆ ಹೆಸರು ಅವನ ಬಾಯಲ್ಲಿ ಕೇಳಿದಾಗಲೆಲ್ಲ ಯಾರೋ ಬಂದಿದ್ದಾರೆಂದು ತಿರುಗಿ ನೋಡುತ್ತೇನೆ.

ಸುಪ್ರಿಯಾ

---

ಗೋಣಿಬೀಡು
16 ಜುಲೈ

ಅರ್ಚನಾ ಅವರಿಗೆ ಶಶಿಧರ್ ಮಾಡುವ ನಮಸ್ಕಾರ.

ನಿಮ್ಮ ಕಾಗದಕ್ಕೆ ಉತ್ತರ ಬರೆಯಲು ಎರಡು ತಿಂಗಳು ಆಯಿತು. ಮಾತ್ರೆ ಏರಿಸಿ ಮುಗಿಯಲಿ, ಸ್ಥಿರವಾದ ತಲೆಯಲ್ಲಿ ಬರೆಯೋಣ ಎಂದು ಕಾದೆ. ಈಗ ಇನ್ನೂರ ಇಪ್ಪತ್ತೈದಕ್ಕೆ ನಿಲ್ಲಿಸಿದ್ದಾರೆ. ಮೊದಲಿನ ನಾನೂರರಲ್ಲಿ ಮಿಕ್ಕಿದ್ದು ಇಷ್ಟು ವರ್ಷ ಬೀಡಿಯ ಪಾಲಿಗೆ ಹೋಗುತ್ತಿತ್ತು ಅಂತಾಯಿತು. ಗುರುವಯ್ಯನಿಗೆ ಹೇಳಿದೆ. “ಹಂಗಾರೆ ಬೀಡಿಗೂ ಔಷಧಿ ಕುಡಿಸಿದಂಗಾತಲ್ಲ ಅಯ್ಯಾ” ಅಂದ.

ಸುಪ್ರಿಯಾ ನಿಮಗೆ ಏನು ಬರೆದಳೋ ನಾನು ಕೇಳಿಲ್ಲ. ಅವಳ ಮೇಲೆ ಕೋಪ ಇದೆ. ಆದರೆ ಬಾವಿಗೆ ಇಳಿದ ದಿನ ಹಗ್ಗ ಹಿಡಿದು ಹಿಂದೆಯೇ ಇಳಿದವಳು ಅವಳು. ಅದನ್ನು ಅವಳು ಬರೆದಿರುವುದಿಲ್ಲ. ಎರಡೂ ನಿಜ. ಎರಡಕ್ಕೂ ಒಂದೇ ಷರಾ ಬರೆಯಲು ನನಗೆ ಬರುವುದಿಲ್ಲ.

ನಿಮ್ಮನ್ನು ಒಂದು ಕೇಳುವುದಿದೆ. ಅಂದು ನಾನೇ ವಸ್ತಾರೆಗೆ ಬಂದು, ನನಗೆ ಇಂಥ ಕಾಯಿಲೆ ಇದೆ ಎಂದು ಹೇಳಿದ್ದರೆ ನೀವು ಏನು ಅನ್ನುತ್ತಿದ್ದಿರಿ? ಆಗುವುದಿಲ್ಲ ಅನ್ನುತ್ತಿದ್ದೆ ಎಂದರೂ ಸರಿ. ಇಷ್ಟು ವರ್ಷ ಹೌದು ಅನ್ನುವ ಒಂದು ಸುಳ್ಳಿನ ಮೇಲೆ ಬದುಕಿದ್ದೇನೆ. ಇಲ್ಲ ಅನ್ನುವ ನಿಜದ ಮೇಲೂ ಬದುಕಬಲ್ಲೆ ಎಂದು ಈಗ ಧೈರ್ಯವಿದೆ. ಉತ್ತರವನ್ನು ನನ್ನ ಹೆಸರಿಗೇ ಬರೆಯಿರಿ.

ಕವರಿನ ಮೇಲೆ ವಿಳಾಸ ಬರೆಯುತ್ತಿದ್ದಾಗ ಸುಪ್ರಿಯಾ, “ಮಳೆ ಜೋರಿದೆ ಅಣ್ಣ, ಪೋಸ್ಟಿಗೆ ನಾನು ಹಾಕ್ತೀನಿ ಕೊಡು” ಎಂದು ಕೈ ಚಾಚಿದಳು. ಚಾಚಿ, ಅವಳೇ ಹಿಂದೆ ತೆಗೆದುಕೊಂಡಳು. ಕೊಡೆ ಹಿಡಿದು ನಾನೇ ಹೊರಟಿದ್ದೇನೆ. ಇವತ್ತಿನ ಪುಟವನ್ನು ನಿಮಗಾಗಿ ನಕಲು ಮಾಡಿದ್ದೇನೆ.

ಜುಲೈ 16. 4 ಇಂಚು 35. ಗಾಳಿ. ಕಾಫಿ 2. ಮಾತ್ರೆ ಸರಿ ಇದೆ. ಅರ್ಚನಾಗೆ ನಾನೇ ಹೇಳಿದೆ.

ಶಶಿಧರ್